ಬ್ರಾಮ್ಲಿಯಲ್ಲಿ ಹುಟ್ಟಿದ ಎರಡು ಯುದ್ಧಗಳು!

ಒಂದು ಚಿತ್ರ. ಒಂದೇ ಒಂದು ಚಿತ್ರ! ಬೆಟ್ಟ, ಕಣಿವೆ, ಹುಲ್ಲು, ಕೆಸರು, ಬಂಡೆ, ರಸ್ತೆ... ಇಡೀ ರಣರಂಗದ ನೆಲ ಆ ಒಂದು ಚಿತ್ರದೊಳಗಿದೆ. ಅದರಲ್ಲಿ ಎಷ್ಟು ಪಿಕ್ಸೆಲ್‌ಗಳಿರಬಹುದು, ಹೇಳಿ ನೋಡೋಣ?

ಹತ್ತು ಲಕ್ಷ? ಒಂದು ಕೋಟಿ? ಹತ್ತು ಕೋಟಿ?

ಊಹೂಂ, ಇನ್ನೂ ಮೇಲೆ ಹೋಗಿ! ಉತ್ತರ ಈಗಲೇ ಹೇಳುವುದಿಲ್ಲ. ನೀವು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಧ್ಯವಾದಷ್ಟು ದೊಡ್ಡದನ್ನೇ ಇಟ್ಟುಕೊಳ್ಳಿ. ಆಮೇಲೆ ನೋಡೋಣ!

ಈಗ ನನ್ನ ಜೊತೆ ಲಂಡನ್ನಿಗೆ ಬನ್ನಿ. ಬಿಗ್ ಬೆನ್ ಇರುವ ಲಂಡನ್ನಿಗಲ್ಲ. ಅಲ್ಲಿಂದ ಆಗ್ನೇಯಕ್ಕೆ, ಮಹಾನಗರದ ಅಂಚಿನಲ್ಲಿರುವ ಬ್ರಾಮ್ಲಿಗೆ. ಅಂಗಡಿ ಸಾಲು, ಪಾರ್ಕು, ರೈಲು ನಿಲ್ದಾಣ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರ ಊರು. 1965ರವರೆಗೆ ಇದು ಲಂಡನ್ನಿಗೆ ಸೇರಿಯೇ ಇರಲಿಲ್ಲ. ಕೆಂಟ್ ಜಿಲ್ಲೆಯ ಒಂದು ಪಟ್ಟಣವಾಗಿತ್ತು, ಅಷ್ಟೆ.

ಈ ಊರಿನ ಕಂಪನಿಯೊಂದು ಭೂಮಿಯ ಮೇಲೆ ಅನ್ಯಗ್ರಹದವರ ದಾಳಿಯನ್ನೇ ನಡೆಸಿಬಿಟ್ಟಿತು!

ಕಂಪನಿಯ ಹೆಸರು ಸ್ಪ್ಲ್ಯಾಶ್ ಡ್ಯಾಮೇಜ್. ಗೇಮಿನ ಹೆಸರು 'ಎನಿಮಿ ಟೆರಿಟರಿ: ಕ್ವೇಕ್ ವಾರ್ಸ್'. ಫಸ್ಟ್ ಪರ್ಸನ್ ಶೂಟರ್. ಅಂದರೆ ಪರದೆಯ ಮೇಲೆ ಕಾಣುವುದೆಲ್ಲ ನಿಮ್ಮದೇ ಕಣ್ಣಿಗೆ ಕಂಡದ್ದು, ಬಂದೂಕು ಹಿಡಿದದ್ದು ನಿಮ್ಮದೇ ಕೈ. ಯುರೋಪಿನಲ್ಲಿ ಬಿಡುಗಡೆಯಾದದ್ದು 2007ರ ಸೆಪ್ಟೆಂಬರ್ 28ರಂದು. ಈ ತಾರೀಖನ್ನು ಸ್ವಲ್ಪ ನೆನಪಿನಲ್ಲಿಡಿ. ಅದರಲ್ಲೂ ಒಂದು ಗುಟ್ಟಿದೆ!

ಈಗ ಒಂದು ಒಗಟು. ಒಂದು ಗೇಮ್ ಏಕಕಾಲಕ್ಕೆ ಒಂದರ ಮುಂದಿನ ಭಾಗವೂ ಆಗಿ, ಇನ್ನೊಂದರ ಹಿಂದಿನ ಕಥೆಯೂ ಆಗಿರಲು ಸಾಧ್ಯವೇ?

ಸಾಧ್ಯ! ಆಟದ ರೀತಿಯಲ್ಲಿ ಇದು ಅದೇ ತಂಡ 2003ರಲ್ಲಿ ಹೊರತಂದ 'ವುಲ್ಫೆನ್‌ಸ್ಟೈನ್: ಎನಿಮಿ ಟೆರಿಟರಿ'ಯ ಮುಂದಿನ ಭಾಗ. ಕಥೆಯಲ್ಲಿ ಮಾತ್ರ 1997ರ 'ಕ್ವೇಕ್ 2' ಗೇಮಿನ ಹಿಂದಿನ ಭಾಗ! ಕ್ವೇಕ್ 2ರಲ್ಲಿ ಮನುಷ್ಯರೇ ಸ್ಟ್ರಾಗ್ ಎಂಬ ಭೀಕರ ಜನಾಂಗದ ಗ್ರಹಕ್ಕೆ ನುಗ್ಗಿ ಹೋರಾಡುತ್ತಾರೆ. ಅವರು ಅಷ್ಟು ಸಿಟ್ಟಿನಿಂದ ಅಲ್ಲಿಗೆ ಹೋದದ್ದು ಯಾಕೆ? ಮೊದಲು ಯಾರು ಯಾರ ಮೇಲೆ ಬಿದ್ದರು? ಹತ್ತು ವರ್ಷ ಆಟಗಾರರು ಆ ಮೊದಲ ದಾಳಿಯನ್ನು ಆಡಿ ನೋಡಿರಲಿಲ್ಲ. ಅದನ್ನು ಆಡಿಸಿ ತೋರಿಸಿದ್ದು ಬ್ರಾಮ್ಲಿಯ ತಂಡ. ಇಸವಿ 2065. ಸ್ಟ್ರಾಗ್‌ಗಳು ಭೂಮಿಗೆ ಬಂದಿಳಿದೇ ಬಿಟ್ಟರು!

ಈ ತಂಡದವರು ಯಾರು ಗೊತ್ತೇ? ಬೇರೆಯವರ ಗೇಮ್ ಆಡುತ್ತಾ ಆಡುತ್ತಾ, ಅದನ್ನೇ ಬಿಚ್ಚಿ ಬದಲಾಯಿಸಿ ಹೊಸ ಆಟ ಕಟ್ಟಿದ ಹುಡುಗರು! 'ಕ್ವೇಕ್ 3' ಗೇಮಿನ ಮೇಲೆ ಅವರು ಹವ್ಯಾಸಕ್ಕೆಂದು ಕಟ್ಟಿದ್ದು 'ಕ್ವೇಕ್ 3 ಫೋರ್ಟ್ರೆಸ್' ಎಂಬ ಮಾಡ್. 2001ರಲ್ಲಿ ಪಾಲ್ ವೆಜ್‌ವುಡ್ ಮತ್ತು ಗೆಳೆಯರು ಅದೇ ಹವ್ಯಾಸವನ್ನು ಕಂಪನಿ ಮಾಡಿದರು. ಎರಡೇ ವರ್ಷ! ಅಷ್ಟರಲ್ಲಿ ಕ್ವೇಕ್ ಕಟ್ಟಿದ ಅಮೆರಿಕದ ಐಡಿ ಸಾಫ್ಟ್‌ವೇರ್ ಸಂಸ್ಥೆಯ ಜೊತೆಗೇ ಕೆಲಸ. ಮೆಚ್ಚಿದ ಗುರುವೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಹಾಗಾಯಿತು.

ಆ 2003ರ ಗೇಮಿನ ಕಥೆ ಕೇಳಿ. ಒಬ್ಬರೇ ಆಡುವ ಭಾಗ, ಹಲವರು ಕೂಡಿ ಆಡುವ ಭಾಗ, ಎರಡನ್ನೂ ಸೇರಿಸಿ ಮಾರುವ ಯೋಜನೆಯಿತ್ತು. ಒಬ್ಬರೇ ಆಡುವ ಭಾಗ ಕೈಗೂಡಲಿಲ್ಲ. ಉಳಿದರ್ಧವನ್ನು ಏನು ಮಾಡಿದರು? ಮೂಲೆಗೆ ಎಸೆದರೇ? ಅರ್ಧ ಬೆಲೆಗೆ ಮಾರಿದರೇ?

ಪುಕ್ಕಟೆ ಹಂಚಿಬಿಟ್ಟರು! ಇಡೀ ಜಗತ್ತಿಗೆ! ಒಂದು ಪೈಸೆ ಇಲ್ಲದೆ! ಜನ ಮುಗಿಬಿದ್ದರು. ಆ ಗೇಮ್ ಇವತ್ತಿಗೂ ಸತ್ತಿಲ್ಲ. ಅದರ ಮಾತು ಕೊನೆಗೆ ಬರುತ್ತದೆ.

ಸರಿ, ನಿಮ್ಮ ಸಂಖ್ಯೆ ನೆನಪಿದೆ ತಾನೆ?

ಆಗಿನ ಗೇಮ್‌ಗಳಲ್ಲಿ ನೆಲ ಹೇಗಿರುತ್ತಿತ್ತು ನೆನಪಿಸಿಕೊಳ್ಳಿ. ಹುಲ್ಲಿನ ಒಂದು ಸಣ್ಣ ಚೌಕ. ಅದನ್ನೇ ಹಾಲ್‌ಗೆ ಟೈಲ್ಸ್ ಹಾಕಿಸಿದಂತೆ ಸಾಲಾಗಿ ಜೋಡಿಸುತ್ತಾ ಹೋಗುತ್ತಿದ್ದರು. ಗುಡ್ಡದ ಮೇಲೆ ನಿಂತು ನೋಡಿದರೆ ಅದೇ ಕಲೆ, ಅದೇ ಕಡ್ಡಿ, ಮತ್ತೆ ಅದೇ ಕಲೆ, ಮತ್ತೆ ಅದೇ ಕಡ್ಡಿ. ಕಣ್ಣು ತಟ್ಟನೆ ಕಂಡುಹಿಡಿಯುತ್ತಿತ್ತು, ಇದು ಸುಳ್ಳು ನೆಲ ಎಂದು.

ಐಡಿ ಸಾಫ್ಟ್‌ವೇರಿನ ಜಾನ್ ಕಾರ್ಮ್ಯಾಕ್ ಇದಕ್ಕೆ ಒಂದು ಉಪಾಯ ಮಾಡಿದರು. ಹೆಸರು ಮೆಗಾಟೆಕ್ಸ್ಚರ್. ಚೌಕಗಳೇ ಬೇಡ! ಇಡೀ ರಣರಂಗದ ನೆಲಕ್ಕೆ ಒಂದೇ ಚಿತ್ರ! ಎಲ್ಲೂ ಮರುಕಳಿಕೆ ಇಲ್ಲ! ಒಂದು ಹುಲ್ಲಿನ ತೇಪೆ ಇನ್ನೊಂದರಂತಿಲ್ಲ!

ಅಗಲ 32,768 ಪಿಕ್ಸೆಲ್. ಉದ್ದ 32,768 ಪಿಕ್ಸೆಲ್. ಗುಣಿಸಿ!

107 ಕೋಟಿ 37 ಲಕ್ಷದ 41 ಸಾವಿರದ 824!

ಒಂದೇ ಚಿತ್ರದಲ್ಲಿ! ನೂರೇಳು ಕೋಟಿ ಚುಕ್ಕೆ! ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತಾ ಕೂತರೆ ಎಷ್ಟು ಕಾಲ ಬೇಕು ಗೊತ್ತೇ? 34 ವರ್ಷ! ಈ ಚಿತ್ರವನ್ನು ಪೂರ್ತಿ ತೋರಿಸಲು ಫುಲ್ ಎಚ್‌ಡಿ ಟಿವಿಗಳನ್ನು ಗೋಡೆಗೆ ಜೋಡಿಸಿದರೆ ಐನೂರಕ್ಕೂ ಹೆಚ್ಚು ಟಿವಿ ಬೇಕು!

ನಿಲ್ಲಿ, ಇನ್ನೂ ಇದೆ. ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಅಂತ ಲೆಕ್ಕ ಹಿಡಿದರೆ ಈ ಒಂದು ಚಿತ್ರ ಬರೋಬ್ಬರಿ 4 ಜಿಬಿ. ಆಗಿನ ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇದ್ದ ಜಾಗ 256 ಎಂಬಿ, ಹೆಚ್ಚೆಂದರೆ 512 ಎಂಬಿ. ಹಿಡಿಸುವುದಾದರೂ ಹೇಗೆ?

ಇಲ್ಲಿದೆ ಕೈಚಳಕ! ಕಂಪ್ಯೂಟರ್ ಆ ಚಿತ್ರವನ್ನು ಪೂರ್ತಿಯಾಗಿ ತೆರೆಯುವುದೇ ಇಲ್ಲ. ನಿಮ್ಮ ಕಾಲ ಬುಡದ ನೆಲವನ್ನು ಮಾತ್ರ ಪೂರಾ ಸ್ಫುಟವಾಗಿ ತರುತ್ತದೆ. ಅದರಾಚೆಯ ಸುತ್ತು ಸ್ವಲ್ಪ ಮಸುಕು. ಅದರಾಚೆಯದು ಇನ್ನೂ ಮಸುಕು. ದೂರದ ಬೆಟ್ಟದ ಹುಲ್ಲಿನೆಳೆ ನಿಮಗೆ ಹೇಗೂ ಕಾಣದಲ್ಲ! ನೀವು ಓಡಿದಂತೆಲ್ಲ ಮುಂದಿನ ನೆಲ ಡಿಸ್ಕಿನಿಂದ ಸರಸರ ಬಂದು ಹಾಸಿಕೊಳ್ಳುತ್ತದೆ, ಹಿಂದಿನದು ಮಾಯವಾಗುತ್ತದೆ. ಹೆಜ್ಜೆಗೆ ಹೆಜ್ಜೆಗೆ! ನಿಮಗೆ ಸುಳಿವೇ ಸಿಗದಂತೆ!

ಅಷ್ಟು ದೊಡ್ಡ ಚಿತ್ರ ಬರೆದವರು ಯಾರು? ಪಿಕ್ಸೆಲ್ ಪಿಕ್ಸೆಲ್ ಕೂತು ಬರೆದರೆ ಆಯುಷ್ಯ ಸಾಲದು. ಅದಕ್ಕೇ ಯಂತ್ರಕ್ಕೆ ನಿಯಮ ಹೇಳಿಕೊಟ್ಟರು. ಕಡಿದಾದ ಇಳಿಜಾರಿದ್ದರೆ ಬಂಡೆ ಬರಲಿ, ಸಮತಟ್ಟಿದ್ದರೆ ಹುಲ್ಲು ಬರಲಿ. ಯಂತ್ರ ಹರಡಿದ ಮೇಲೆ ಕಲಾವಿದರು ಕೂತು ಕೈಯಿಂದ ತಿದ್ದಿದರು. ಇಲ್ಲೊಂದು ಸವೆದ ಕಾಲುದಾರಿ, ಅಲ್ಲೊಂದು ಸುಟ್ಟ ಕಲೆ.

ಮತ್ತೂ ಒಂದು ಅಚ್ಚರಿ! ಆ ನೆಲಕ್ಕೆ ತಾನು ಏನು ಅಂತ ಗೊತ್ತು! ಜೀಪು ಮರಳಿನ ಮೇಲೆ ಹೋದರೆ ಚಕ್ರದ ಹಿಡಿತ ಬೇರೆ, ಧೂಳು ಬೇರೆ, ಸದ್ದು ಬೇರೆ. ಡಾಂಬರಿಗೆ ಹತ್ತಿದರೆ ಎಲ್ಲವೂ ಬದಲು. ಕಣ್ಣಿಗೆ ಕಾಣುವ ಬಣ್ಣದ ಜೊತೆಗೇ ನೆಲದ ಗುಣವೂ ಅಡಗಿದೆ!

ಈ ಗೇಮ್ ನಿಂತಿರುವ ಎಂಜಿನ್ ಯಾವುದು, ಊಹಿಸಿ. 2004ರ 'ಡೂಮ್ 3'ರದ್ದು! ಆ ಗೇಮ್ ಆಡಿದವರಿಗೆ ಮೈ ಜುಮ್ಮೆಂದಿರಬೇಕು. ಕಗ್ಗತ್ತಲ ಓಣಿಗಳು, ಇಕ್ಕಟ್ಟಿನ ಕೋಣೆಗಳು, ಕೈಯಲ್ಲೊಂದು ಟಾರ್ಚು. ಆ ಕತ್ತಲ ಓಣಿಯ ಎಂಜಿನ್ನನ್ನೇ ಮಾರ್ಪಡಿಸಿ, ಹೆಲಿಕಾಪ್ಟರ್ ಹಾರುವಷ್ಟು ವಿಶಾಲವಾದ ಬಯಲಿಗೆ ಎಳೆದು ತಂದರು! ಬಿಸಿಲು ಬಿತ್ತು! ಆಕಾಶ ತೆರೆಯಿತು! ನನ್ನ ಮಟ್ಟಿಗೆ ಇಡೀ ಗೇಮಿನಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ.

12 ರಣರಂಗಗಳು. ನಾಲ್ಕು ದಂಡಯಾತ್ರೆಗಳು. ಉತ್ತರ ಅಮೆರಿಕ, ಉತ್ತರ ಯುರೋಪ್, ಆಫ್ರಿಕ, ಪೆಸಿಫಿಕ್. ಒಂದು ಕಡೆ ಮನುಷ್ಯರ ಸೇನೆ, ಇನ್ನೊಂದು ಕಡೆ ಸ್ಟ್ರಾಗ್‌ಗಳು.

ಈ ಎರಡು ಪಕ್ಷಗಳು ಒಂದೇ ಥರ ಅಂದುಕೊಂಡಿರಾ? ಬರಿ ಬಟ್ಟೆಯ ಬಣ್ಣ ಬೇರೆ ಅಂತ? ಅಲ್ಲವೇ ಅಲ್ಲ! ಮನುಷ್ಯನ ಬಂದೂಕಿಗೆ ಗುಂಡು ಮುಗಿಯುತ್ತದೆ, ತುಂಬಬೇಕು. ಸ್ಟ್ರಾಗ್ ಬಂದೂಕಿಗೆ ತುಂಬುವ ಗೊಡವೆಯಿಲ್ಲ, ಆದರೆ ಅದು ಕಾದು ಕೆಂಪಾಗುತ್ತದೆ, ಆರಲು ಬಿಡಬೇಕು. ಮನುಷ್ಯರದು ಅನಾನ್ಸಿ ಎಂಬ ಹೆಲಿಕಾಪ್ಟರ್. ಸ್ಟ್ರಾಗ್‌ಗಳದು ಬೆನ್ನಿಗೆ ಕಟ್ಟಿ ಹಾರುವ ಇಕಾರಸ್, ಕಾಲೂರಿ ನಡೆಯುವ ಸೈಕ್ಲಾಪ್ಸ್ ಎಂಬ ದೈತ್ಯ ಯಂತ್ರ!

ಈಗ ಎದೆ ಗಟ್ಟಿ ಮಾಡಿಕೊಳ್ಳಿ.

ಸ್ಟ್ರಾಗ್‌ಗಳ ಆಹಾರ ಏನು? ಸ್ಟ್ರಾಯೆಂಟ್ ಎಂಬ ದ್ರವ. ಅದೇ ಅವರಿಗೆ ಪ್ರಾಣ, ಅದೇ ಅವರ ಬಂದೂಕಿಗೆ ಗುಂಡು. ಅದನ್ನು ಯಾವುದರಿಂದ ಮಾಡುತ್ತಾರೆ?

ಸತ್ತ ಮನುಷ್ಯರಿಂದ!

ಅಷ್ಟೇ ಅಲ್ಲ. ಯುದ್ಧದಲ್ಲಿ ಬಿದ್ದ ಮನುಷ್ಯನ ಹೆಣದ ಬಳಿಗೆ ಸ್ಟ್ರಾಗ್ ವೈದ್ಯ ಬಂದು ಅದನ್ನು ತಮ್ಮವರಿಗೆ ಮರುಹುಟ್ಟಿನ ಜಾಗ ಮಾಡಿಬಿಡುತ್ತಾನೆ. ನೀವು ಕೊಂದ ಸ್ಟ್ರಾಗ್ ನಿಮ್ಮದೇ ಗೆಳೆಯನ ಹೆಣದಿಂದ ಎದ್ದು ಬರುತ್ತಾನೆ! ನೀವು ಸತ್ತದ್ದೂ ಅವರಿಗೆ ಲಾಭ! ಎಂಥ ಭಯಂಕರ ಕಲ್ಪನೆ!

ಮನುಷ್ಯರನ್ನೇ ಹೀರಿ ಬದುಕುವ ಅನ್ಯಗ್ರಹದವರು... ಇದನ್ನು ಎಲ್ಲೋ ಕೇಳಿದ ಹಾಗಿದೆಯಲ್ಲವೇ?

ನನಗೆ ಕೂತಲ್ಲಿ ಕೂರಲಾಗದಂತೆ ಮಾಡಿದ ಸಂಗತಿ ಇದೇ! ಬ್ರಾಮ್ಲಿಯ ಹೈ ಸ್ಟ್ರೀಟಿನಲ್ಲಿ ಹಿಂದೆ ಒಂದು ಅಂಗಡಿಯಿತ್ತು. ಪಿಂಗಾಣಿ ಪಾತ್ರೆಗಳು, ಜೊತೆಗೆ ಕ್ರಿಕೆಟ್ ಬ್ಯಾಟು, ಚೆಂಡು. ಅಂಗಡಿಯ ಯಜಮಾನ ಜೋಸೆಫ್ ಸ್ವತಃ ಕ್ರಿಕೆಟಿಗ, ಕೆಂಟ್ ತಂಡದ ಬೌಲರ್. 1862ರಲ್ಲಿ ಸಸೆಕ್ಸ್ ವಿರುದ್ಧ ಆತ ಒಂದು ಸಾಹಸ ಮಾಡಿದ. ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಅಲ್ಲ. ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್! ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅದೇ ಮೊಟ್ಟಮೊದಲು!

ಆದರೆ ಜಗತ್ತು ನೆನಪಿಟ್ಟದ್ದು ಅವನನ್ನಲ್ಲ, ಅವನ ಮಗನನ್ನು. ಆ ಅಂಗಡಿಯ ಮನೆಯಲ್ಲೇ 1866ರ ಸೆಪ್ಟೆಂಬರ್ 21ರಂದು ಹುಟ್ಟಿದ ಹುಡುಗ. ಯಾರು?

ಎಚ್. ಜಿ. ವೆಲ್ಸ್!

ಹೌದು! 'ದಿ ವಾರ್ ಆಫ್ ದಿ ವರ್ಲ್ಡ್ಸ್' ಬರೆದ ವೆಲ್ಸ್! ಅನ್ಯಗ್ರಹದವರು ಭೂಮಿಗೆ ದಾಳಿಯಿಡುವ ಕಥೆಗಳಿಗೆಲ್ಲ ಮುತ್ತಜ್ಜನಂತಿರುವ ಕಾದಂಬರಿ ಅದು. ಪುಸ್ತಕವಾಗಿ ಬಂದದ್ದು 1898ರಲ್ಲಿ. ಅದರಲ್ಲಿ ಮಂಗಳದವರು ಲಂಡನ್ನಿನ ನೈಋತ್ಯಕ್ಕಿರುವ ವೋಕಿಂಗ್ ಬಳಿ ಇಳಿದು, ಮೂರು ಕಾಲಿನ ದೈತ್ಯ ಯಂತ್ರಗಳಲ್ಲಿ ನಡೆದು ಲಂಡನ್ನಿಗೆ ನುಗ್ಗುತ್ತಾರೆ. ಅವರ ಆಹಾರವೇನು? ಬದುಕಿರುವ ಮನುಷ್ಯರ ರಕ್ತ! ಅದನ್ನು ತೆಗೆದು ನೇರ ತಮ್ಮ ರಕ್ತನಾಳಗಳಿಗೆ ಹರಿಸಿಕೊಳ್ಳುತ್ತಾರೆ!

ಕಾಲೂರಿ ನಡೆಯುವ ಯಂತ್ರ. ಮನುಷ್ಯರನ್ನೇ ಹೀರುವ ಜೀವಿಗಳು. 109 ವರ್ಷಗಳ ಅಂತರ. ಮತ್ತೆ ಅದೇ ಬ್ರಾಮ್ಲಿ! ಇನ್ನು ಆ ತಾರೀಖು. ವೆಲ್ಸ್ ಹುಟ್ಟಿದ್ದು ಸೆಪ್ಟೆಂಬರ್ 21. ಗೇಮ್ ಬಿಡುಗಡೆಯಾದದ್ದು ಸೆಪ್ಟೆಂಬರ್ 28. ಅವನ 141ನೇ ಹುಟ್ಟುಹಬ್ಬ ಕಳೆದು ಸರಿಯಾಗಿ ಒಂದು ವಾರಕ್ಕೆ! ಯಾರೂ ಬೇಕೆಂದು ಹೊಂದಿಸಿದ್ದಲ್ಲ, ಕಾಕತಾಳೀಯ. ಆದರೂ ಕೇಳಿ ರೋಮಾಂಚನ ಆಗದೆ ಇರುತ್ತದೆಯೇ?

ಈ ಬ್ರಾಮ್ಲಿಯ ನೀರಿನಲ್ಲಿ ಏನಿದೆಯೋ! ಹುಡುಗನಾಗಿದ್ದಾಗ ಡೇವಿಡ್ ಬೋವಿ ಬಂದು ಬೆಳೆದದ್ದು ಇಲ್ಲೇ. ಕಳೆದುಹೋದ ಗಗನಯಾತ್ರಿಯ ಮೇಲೆ, ನಕ್ಷತ್ರದಿಂದ ಬಂದವನ ಮೇಲೆ ಹಾಡು ಕಟ್ಟಿದ ಬೋವಿ! 1999ರಲ್ಲಿ ಅವನೇ ಒಂದು ವಿಡಿಯೋ ಗೇಮಿನೊಳಗೂ ಕಾಣಿಸಿಕೊಂಡ, 'ಓಮಿಕ್ರಾನ್' ಎಂಬುದರಲ್ಲಿ. ಇಂದಿನ ಬ್ರಾಮ್ಲಿ ಆಡಳಿತ ಪ್ರದೇಶಕ್ಕೆ ಸೇರಿದ ಡೌನ್ ಎಂಬ ಹಳ್ಳಿಯಲ್ಲಿ 40 ವರ್ಷ ಬಾಳಿದವರು ಚಾರ್ಲ್ಸ್ ಡಾರ್ವಿನ್. ಡಾರ್ವಿನ್ನರ ಆಪ್ತ ಹಕ್ಸ್‌ಲಿಯ ಬಳಿ ಜೀವಶಾಸ್ತ್ರ ಕಲಿತವನು ವೆಲ್ಸ್. ಅವನ ಮಂಗಳದವರು ಕೊನೆಗೆ ಸಾಯುವುದು ತೋಪಿನಿಂದಲ್ಲ, ಭೂಮಿಯ ಸೂಕ್ಷ್ಮಾಣುಗಳಿಂದ! ಪಕ್ಕದ ಹಳ್ಳಿಯ ಡಾರ್ವಿನ್ನರ ನೈಸರ್ಗಿಕ ಆಯ್ಕೆಯ ವಿಚಾರವೇ ಲಂಡನ್ನನ್ನು ಉಳಿಸಿತಲ್ಲ!

ಮುಗಿಯಿತು ಅಂದುಕೊಂಡಿರಾ? ಇಲ್ಲ! ನನಗೆ ಇದಕ್ಕಿಂತಲೂ ಪ್ರಿಯವಾದದ್ದು ಇನ್ನೂ ಬಾಕಿಯಿದೆ.

ವೆಲ್ಸ್ ತನ್ನ ಆತ್ಮಕಥೆಯಲ್ಲಿ ಬಾಲ್ಯದ ಒಂದು ಗುಟ್ಟು ಹೇಳಿಕೊಂಡಿದ್ದಾನೆ. ಬಡಕಲು ಹುಡುಗ, ಬ್ರಾಮ್ಲಿಯ ಬೀದಿಯಲ್ಲಿ ಒಬ್ಬನೇ ನಡೆಯುತ್ತಿದ್ದಾನೆ. ನೋಡಿದವರಿಗೆ ಸುಮ್ಮನೆ ಅಲೆಯುತ್ತಿರುವ ಪೋರ. ಅವನ ತಲೆಯೊಳಗೆ? ಸೇನೆಗಳು ಸಾಗುತ್ತಿವೆ! ತೋಪುಗಳು ಗುಡುಗುತ್ತಿವೆ! ಕಾಣದ ದೂತರ ಕೈಯಲ್ಲಿ ಆಜ್ಞೆಗಳು ಓಡುತ್ತಿವೆ! ಊರ ಪಕ್ಕದ ಮಾರ್ಟಿನ್ಸ್ ಹಿಲ್ ಅವನ ಮಹಾ ರಣರಂಗ. ಆ ಪುಟ್ಟ ಗುಡ್ಡದ ಮೇಲೆ ಅವನು ಗೆದ್ದ ಯುದ್ಧಗಳೆಷ್ಟೋ!

ನಿಜವಾದ ಬೆಟ್ಟದ ಮೇಲೆ ಕಲ್ಪನೆಯ ಸೈನ್ಯ ಹಾಸುವುದು. ಸ್ಪ್ಲ್ಯಾಶ್ ಡ್ಯಾಮೇಜಿನವರು ಮಾಡಿದ್ದಾದರೂ ಇನ್ನೇನು?

ಆ ಹುಡುಗ ದೊಡ್ಡವನಾದ ಮೇಲೂ ಆಟ ಬಿಡಲಿಲ್ಲ! 1913ರಲ್ಲಿ, ಪ್ರಸಿದ್ಧ ಲೇಖಕನಾಗಿ, ನಲವತ್ತಾರು ದಾಟುವ ವಯಸ್ಸಿನಲ್ಲಿ, ಒಂದು ಪುಸ್ತಕ ಬರೆದ. 'ಲಿಟಲ್ ವಾರ್ಸ್'. ಆಟಿಕೆ ಸೈನಿಕರಿಂದ ಯುದ್ಧ ಆಡುವುದು ಹೇಗೆ ಎಂಬ ನಿಯಮಗಳ ಪುಸ್ತಕ! ನೆಲದ ಮೇಲೆ ಮಂಡಿಯೂರಿ, ವಿಶ್ವಕೋಶದ ಸಂಪುಟಗಳನ್ನೂ ಮರದ ತುಂಡುಗಳನ್ನೂ ಜೋಡಿಸಿ ರಣರಂಗ ಕಟ್ಟುತ್ತಿದ್ದ. ಮಿನಿಯೇಚರ್ ಯುದ್ಧದಾಟ ಆಡುವವರು ಇವತ್ತಿಗೂ ಅವನನ್ನು ತಮ್ಮ ಮೂಲಪುರುಷ ಎನ್ನುತ್ತಾರೆ.

ಗುಂಡು ತಗುಲಿತೋ ಇಲ್ಲವೋ ಹೇಗೆ ತೀರ್ಮಾನ? ದಾಳ ಹಾಕುತ್ತಿದ್ದನೇ? ಚೀಟಿ ಎತ್ತುತ್ತಿದ್ದನೇ?

ಹೊಡೆಯುತ್ತಿದ್ದ! ನಿಜವಾಗಿಯೇ! ಸ್ಪ್ರಿಂಗ್ ಇರುವ ಆಟಿಕೆ ತೋಪಿನಲ್ಲಿ ಮರದ ಸಣ್ಣ ಕಡ್ಡಿ ಇಟ್ಟು, ಗುರಿ ಹಿಡಿದು, ಟಕ್ ಎಂದು ಹಾರಿಸುತ್ತಿದ್ದ. ಸೈನಿಕ ಉರುಳಿದರೆ ಸತ್ತ. ಇಲ್ಲದಿದ್ದರೆ ಬದುಕಿದ. ಅದೃಷ್ಟದ ಮಾತೇ ಇಲ್ಲ! ನಿಮ್ಮ ಕಣ್ಣು, ನಿಮ್ಮ ಕೈ, ನಿಮ್ಮ ಗುರಿ! ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ ನೆಲದ ಮೇಲೆ ಮಲಗಿ ಶೂಟರ್ ಆಡಿದವನು ವೆಲ್ಸ್!

ಆ ನಿಯಮಗಳನ್ನು ಓದಿದರೆ ಇನ್ನೂ ಬೆರಗು. ಕಾಲಾಳು ಒಂದು ಸಲಕ್ಕೆ ಒಂದು ಅಡಿ ಸರಿಯಬಹುದು, ಕುದುರೆ ಸವಾರ ಎರಡು ಅಡಿ. ತೋಪಿನ ಆರು ಅಂಗುಲದೊಳಗೆ ಕನಿಷ್ಠ ನಾಲ್ಕು ಸೈನಿಕರಿದ್ದರೆ ಮಾತ್ರ ತೋಪು ಹಾರಿಸಬಹುದು. ಒಬ್ಬನೇ ವೀರನಿಂದ ಏನೂ ಆಗದು! ಗಡಿಯಾರ ಹಿಡಿದು ಸಮಯವನ್ನೂ ಅಳೆಯಬೇಕು!

ಕ್ವೇಕ್ ವಾರ್ಸ್ ಆಡಿದವರು ಈಗ ತಲೆದೂಗುತ್ತಿರಬೇಕು. ಅಲ್ಲಿಯೂ ಅದೇ ಧರ್ಮ! ಸೇತುವೆ ಕಟ್ಟಲು ಎಂಜಿನಿಯರೇ ಬೇಕು. ಬಾಂಬಿಟ್ಟು ಗೋಡೆ ಉಡಾಯಿಸಲು ಸೈನಿಕನೇ ಬೇಕು. ಶತ್ರುವಿನ ಯಂತ್ರಕ್ಕೆ ಕನ್ನ ಹಾಕಲು ಗೂಢಚಾರನೇ ಬೇಕು. ಬಿದ್ದವನನ್ನು ಎಬ್ಬಿಸಲು ವೈದ್ಯನೇ ಬೇಕು. ಗಡಿಯಾರ ಓಡುತ್ತಲೇ ಇರುತ್ತದೆ. ನೂರು ಜನರನ್ನು ಕೊಂದರೂ ಆ ಸೇತುವೆ ಕಟ್ಟದಿದ್ದರೆ ಸೋಲು! ನಾನು ಈ ಗೇಮನ್ನು ಇಷ್ಟು ಮೆಚ್ಚುವುದು ಇದಕ್ಕೇ. ಗುರಿ ಚೆನ್ನಾಗಿರುವವನಷ್ಟೇ ಅಲ್ಲ, ಮೂಲೆಯಲ್ಲಿ ಕೂತು ಗೆಳೆಯನ ಗಾಯ ಕಟ್ಟಿದವನೂ ಇಲ್ಲಿ ಗೆಲುವಿಗೆ ಪಾಲುದಾರ.

ಲಿಟಲ್ ವಾರ್ಸ್ ಪುಸ್ತಕದ ಕೊನೆಯಲ್ಲಿ ವೆಲ್ಸ್ ಆಟದ ಕಾವನ್ನು ಬಿಟ್ಟು ಗಂಭೀರನಾಗುತ್ತಾನೆ. ಯುದ್ಧ ಬೇಕೆನ್ನುವವರನ್ನು ಆಟಿಕೆ ಸೈನಿಕರ ಜೊತೆ ಒಂದು ಕೋಣೆಯಲ್ಲಿ ಕೂರಿಸಿ, ಅಲ್ಲೇ ಹೊಡೆದಾಡಿಕೊಳ್ಳಲಿ, ನಮ್ಮನ್ನು ಬಿಡಲಿ ಎಂಬುದು ಅವನ ಮಾತಿನ ತಿರುಳು. ಪುಸ್ತಕ ಬಂದದ್ದು 1913. ಮರುವರ್ಷ ಜುಲೈ ಕೊನೆಯಲ್ಲಿ ಮೊದಲ ಮಹಾಯುದ್ಧ ಶುರು. ಇದನ್ನು ಓದುವಾಗ ನನ್ನ ಗಂಟಲು ಕಟ್ಟಿತು.

ಸ್ಪ್ಲ್ಯಾಶ್ ಡ್ಯಾಮೇಜ್ ಮುಂದೆ 2011ರಲ್ಲಿ 'ಬ್ರಿಂಕ್' ಎಂಬ ಗೇಮ್ ತಂದಿತು. ಆಮೇಲೆ 'ಡರ್ಟಿ ಬಾಂಬ್'. ಅದರ ರಣರಂಗ ಯಾವುದು? ಲಂಡನ್! ವಿಪತ್ತಿಗೆ ಸಿಕ್ಕಿ ಜನರೆಲ್ಲ ಖಾಲಿ ಮಾಡಿದ ಲಂಡನ್! ವೆಲ್ಸ್‌ನ ಕಾದಂಬರಿಯಲ್ಲೂ ಕಥೆ ಹೇಳುವವನು ಬಿಕೋ ಎನ್ನುವ ಲಂಡನ್ ಬೀದಿಗಳಲ್ಲೇ ನಡೆಯುತ್ತಾನಲ್ಲವೇ! ಮೆಗಾಟೆಕ್ಸ್ಚರ್ ಕೂಡ ಅಲ್ಲಿಗೇ ನಿಲ್ಲಲಿಲ್ಲ. ಐಡಿಯವರು 2011ರ 'ರೇಜ್' ಗೇಮಿನಲ್ಲಿ ಆ ಉಪಾಯವನ್ನು ನೆಲದಿಂದ ಗೋಡೆಗೆ, ಬಂಡೆಗೆ, ಎಲ್ಲದಕ್ಕೂ ಹಬ್ಬಿಸಿದರು.

ಈಗ ಆ ಪುಕ್ಕಟೆ ಗೇಮಿನ ಮಾತು. ವುಲ್ಫೆನ್‌ಸ್ಟೈನ್: ಎನಿಮಿ ಟೆರಿಟರಿಯ ಎಂಜಿನ್ನಿನ ಸೋರ್ಸ್ ಕೋಡನ್ನು 2010ರಲ್ಲಿ ಎಲ್ಲರಿಗೂ ಬಿಚ್ಚಿಟ್ಟರು. ಗೇಮ್ ಅಷ್ಟೇ ಅಲ್ಲ, ಅದರ ಕರುಳೂ ಜನರದ್ದಾಯಿತು! ಅಭಿಮಾನಿಗಳು ಅದನ್ನೆತ್ತಿಕೊಂಡು 'ಇಟಿ: ಲೆಗಸಿ' ಎಂಬ ಹೆಸರಿನಲ್ಲಿ ಹೊಸ ಕಂಪ್ಯೂಟರುಗಳಿಗೂ ಹೊಂದುವಂತೆ ತಿದ್ದುತ್ತಾ ಬಂದಿದ್ದಾರೆ. ಸಂಬಳವಿಲ್ಲ, ಬರಿ ಪ್ರೀತಿ! ಲಿಟಲ್ ವಾರ್ಸ್ ಪುಸ್ತಕವೂ ಈಗ ಹಕ್ಕುಸ್ವಾಮ್ಯ ಕಳೆದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ!

ಬ್ರಾಮ್ಲಿಯ ಎರಡು ಯುದ್ಧಗಳು, ಎರಡಕ್ಕೂ ದುಡ್ಡು ಬೇಡ. ಒಂದಕ್ಕೆ ಕಂಪ್ಯೂಟರ್ ಸಾಕು. ಇನ್ನೊಂದಕ್ಕೆ ಒಂದಿಷ್ಟು ಆಟಿಕೆ ಸೈನಿಕರು, ದಪ್ಪ ಪುಸ್ತಕಗಳು, ನೆಲದ ಮೇಲೆ ಮಲಗಲು ನಾಚದ ಒಬ್ಬ ಗೆಳೆಯ. ಯಾವುದನ್ನು ಮೊದಲು ಆಡುತ್ತೀರಿ?